ಒಂದು ಕೊಂಡಿ ಕಡಿಮೆ

"ಮುಟ್ಟೋಕೆ ಮುಂಚೆ ಕೈಯಲ್ಲಿರೋ ಉಂಗುರ ತೆಗೆದಿಡಿ," ಎಂದರು ಅಂಗಡಿಯ ಯಜಮಾನರು. "ಉಕ್ಕು ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಗೀರು ಬೀಳೋದು ಅದರ ಮೇಲೇ."

ಇನ್‌ಸ್ಪೆಕ್ಟರಮ್ಮ ಉಂಗುರವನ್ನು ಕಳಚಿ ಚೀಲದೊಳಗೆ ಹಾಕಿಕೊಂಡಳು. ಕೆಲಸಕ್ಕೆ ರಾಜೀನಾಮೆ ಕೊಟ್ಟು ತಿಂಗಳುಗಳೇ ಕಳೆದಿದ್ದರೂ ಬೀದಿಯವರ ಬಾಯಲ್ಲಿ ಅವಳಿನ್ನೂ ಇನ್‌ಸ್ಪೆಕ್ಟರಮ್ಮನೇ. ಈ ಅಂಗಡಿಯಲ್ಲಿ ಮಾತ್ರ ಅವಳು ಗಂಡನಿಗೊಂದು ಗಡಿಯಾರ ಕೊಳ್ಳಲು ಬಂದ ಗೃಹಿಣಿ. ಗಂಡನೆಂಬವನು ಅವಳ ಬದುಕಿನಲ್ಲಿ ಎಂದೂ ಇರಲಿಲ್ಲವೆಂಬ ಸಂಗತಿ ಗಾಜಿನ ಕಪಾಟುಗಳಿಗೆ ತಿಳಿಯಬೇಕಾಗಿರಲಿಲ್ಲ.

ಯಜಮಾನರು ಕಡುಹಸಿರು ಮಖಮಲ್ಲಿನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದರು. ತಟ್ಟೆಯ ನಡುವೆ ಆ ಗಡಿಯಾರ ಮಲಗಿತ್ತು.

ಅವಳು ಬಾಗಿ ನೋಡಿದಳು. ಕಪ್ಪು ಮುಖ, ಅದರೊಳಗೆ ಬೆಳ್ಳಿಬಣ್ಣದ ಮೂರು ಪುಟ್ಟ ವೃತ್ತಗಳು, ಬಲಬದಿಗೆ ಅಣಬೆಯಂತೆ ತಲೆಯೆತ್ತಿದ ಎರಡು ಗುಂಡಿಗಳು. ಇದೇ ಮುಖವನ್ನು ಮೊಕದ್ದಮೆಯ ಚಿತ್ರಗಳಲ್ಲಿ ಅವಳು ಕಣ್ಣು ನೋಯುವಷ್ಟು ಸಲ ನೋಡಿದ್ದಳು. ಕೊಲೆಯಾದವನ ಮುಂಗೈಯಿಂದ ಕಾಣೆಯಾದದ್ದು ಇದು. ಆ ಕೊಲೆಯ ಆರೋಪ ಹೊತ್ತು ಜೈಲಿನಲ್ಲಿ ಕುಳಿತವನು ಅವಳ ಒಡಹುಟ್ಟಿದ ತಮ್ಮ.

"ಎಷ್ಟು ಹಳೇದು?" ಎಂದು ಕೇಳಿದಳು. ದನಿ ನಡುಗಲಿಲ್ಲ, ಅಷ್ಟರಮಟ್ಟಿಗೆ ಹಳೆಯ ಉದ್ಯೋಗ ಅವಳನ್ನು ಕೈಬಿಟ್ಟಿರಲಿಲ್ಲ.

"ಹಳೇದಲ್ಲ ತಾಯಿ, ಹಳೇದರ ಹಾಗೆ ಹುಟ್ಟಿದ್ದು." ಯಜಮಾನರು ನಕ್ಕರು. "ಕೂದಲಿಗೆ ಕಪ್ಪು ಹಚ್ಚಿ ಚಿಕ್ಕವರಾಗೋರನ್ನ ಊರೆಲ್ಲ ನೋಡಿದೀವಿ. ಇದು ಬಿಳೀ ಕೂದಲು ಹಚ್ಕೊಂಡು ದೊಡ್ಡೋನಾಗಿದೆ. ಈ ಚುಕ್ಕೆಗಳು ನೋಡಿ, ಕೆನೆಗಟ್ಟಿದ ಬಣ್ಣ. ವಯಸ್ಸಿನಿಂದ ಬಂದಿದ್ದಲ್ಲ, ಕಾರ್ಖಾನೇಲೇ ಬಳಿದಿದ್ದು. ತಾತನ ಕೋಟು, ಮೊಮ್ಮಗನ ಮೈ."

ಉಪಯೋಗಿಸಿದ ಬೆಲೆಬಾಳುವ ಗಡಿಯಾರಗಳನ್ನು ಕೊಂಡು ಮಾರುವ ಆ ಅಂಗಡಿ ಕಿರಿದಾಗಿತ್ತು. ಮೇಜಿನ ಮೇಲೊಂದು ಬಾಗುಕತ್ತಿನ ದೀಪ, ಗಾಜಿನಡಿ ಸಾಲಾಗಿ ಚಿಮಟ, ತಿರುಗುಳಿ, ಎಣ್ಣೆಯ ಹನಿ ಹಿಡಿಯುವ ಸೂಜಿಗಳು. ಯಜಮಾನರ ಬಲಗಣ್ಣಿನ ಸುತ್ತ ಭೂತಗನ್ನಡಿ ಕಚ್ಚಿ ಕಚ್ಚಿ ಅಳಿಸಲಾಗದ ಒಂದು ಬಳೆ ಮೂಡಿತ್ತು. ಆ ಬಳೆಯಿಂದಾಗಿ ಅವರ ಮುಖ ಸದಾ ಒಂದು ಕಡೆಯಿಂದ ಅಚ್ಚರಿಗೊಂಡಂತೆಯೂ, ಇನ್ನೊಂದು ಕಡೆಯಿಂದ ಯಾರನ್ನೂ ನಂಬದಂತೆಯೂ ಕಾಣುತ್ತಿತ್ತು.

"ಅಸಲಿ ಅಂತ ಹೇಗೆ ನಂಬೋದು?"

"ನಂಬಬೇಡಿ. ನಂಬಿಕೆ ಮೇಲೆ ಗಡಿಯಾರ ಕೊಳ್ಳೋರು ನಕಲಿ ಕಟ್ಕೊಂಡು ಓಡಾಡ್ತಾರೆ." ಅವರು ಉಕ್ಕಿನ ಪಟ್ಟಿಯನ್ನು ಒಂದು ಬದಿಯಿಂದ ಮೆಲ್ಲನೆ ಬಿಡಿಸಿದರು. ಪಟ್ಟಿ ಕೂಡುವ ಸಂದಿನಲ್ಲಿ, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿ, ಸಂಖ್ಯೆ ಕೆತ್ತಲಾಗಿತ್ತು. ಭೂತಗನ್ನಡಿಯನ್ನು ಅವಳ ಕೈಗಿತ್ತರು. "ಓದಿ."

ಅವಳು ಓದಿದಳು. ಓದುವ ಅಗತ್ಯವೇನೂ ಇರಲಿಲ್ಲ. ಆ ಸಂಖ್ಯೆ ಅವಳಿಗೆ ಬಾಯಿಪಾಠವಾಗಿತ್ತು. ಒಂದೊಂದು ಅಂಕಿಯೂ ತನ್ನ ಜಾಗದಲ್ಲಿ ನಿಂತಿತ್ತು.

ಸಂತೋಷವೆಂಬುದು ಮನುಷ್ಯನನ್ನು ಹೀಗೂ ಹಿಂಡಬಲ್ಲುದೆಂದು ಅವಳಿಗೆ ಆಗ ತಿಳಿಯಿತು. ಗಡಿಯಾರವನ್ನು ತಮ್ಮನೇ ನದಿಗೆ ಎಸೆದನೆಂದು ಪೊಲೀಸರು ಬರೆದುಕೊಂಡಿದ್ದರು. ಹಾಗೆ ಬರೆದವನು, ಒಂದು ಕಾಲಕ್ಕೆ ಅವಳ ಕೈಕೆಳಗೆ ಕೆಲಸ ಕಲಿತು ಈಗ ಅವಳ ಕುರ್ಚಿಯಲ್ಲೇ ಕುಳಿತಿರುವ ಶಿಷ್ಯ. ನದಿಯ ಪಾಲಾಯಿತೆಂದ ಮೇಲೆ ಯಾವ ಅಂಗಡಿಗೂ ಯಾರೂ ಹೇಳಿಕಳುಹಿಸಲಿಲ್ಲ, ಹುಡುಕಲೂ ಇಲ್ಲ. ಹುಡುಕಿದವಳು ಅವಳೊಬ್ಬಳೇ. ಇಂಥ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ್ದಳು. ಸಂಜೆ ಮನೆಗೆ ಹೋಗಿ ಯಾವ ಬೀದಿ ಮುಗಿಯಿತು, ಯಾವುದು ಉಳಿಯಿತು ಎಂದು ತಾಯಿಗೆ ಒಪ್ಪಿಸುತ್ತಿದ್ದಳು. ಕೊನೆಗೆ ನದಿ ತಿಂದ ಗಡಿಯಾರ ಮಖಮಲ್ಲಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ಇದನ್ನು ಮಾರಿದವರಾರೋ, ಕೊಂದವರು ಅವರೇ. ಮನೆಗೆ ಬರುತ್ತಾನೆ ತಮ್ಮ.

"ಒಮ್ಮೆ ಕೈಗೆ ಹಾಕಿ ನೋಡ್ಲಾ?"

"ನಿಮ್ಮ ಕೈಗಾ? ಯಜಮಾನರಿಗೆ ಅಂದ್ರಿ."

"ಅವರ ಕೈ ನನಗಿಂತ ಎಷ್ಟು ದಪ್ಪ ಅಂತ ನನಗೆ ಗೊತ್ತಿಲ್ವಾ?"

"ಅದೂ ಸರಿ," ಎಂದು ಯಜಮಾನರು ಪಟ್ಟಿಯನ್ನು ಮತ್ತೆ ಕೂಡಿಸಿಕೊಟ್ಟರು. ಕೊಡುವಾಗ ಮೂಗು ಮುರಿದರು. "ಪಟ್ಟಿ ವಿಷಯದಲ್ಲಿ ಮಾತ್ರ ಸ್ವಲ್ಪ ಕ್ಷಮಿಸಬೇಕು. ಯಾರೋ ತಿಳಿಗೇಡಿ ಕೈಯಾಡಿಸಿದಾನೆ. ಮುಂಗೈ ಸಣ್ಣ ಇದ್ರೆ ಕೊಂಡಿಗಳನ್ನ ಎರಡೂ ಕಡೆಯಿಂದ ಸಮನಾಗಿ ಬಿಚ್ಚಬೇಕು. ಆಗ ಬೀಗ ಕೈಯಡಿ ಸರಿಯಾಗಿ ನಡುವೆ ಕೂರತ್ತೆ. ಈ ಮಹರಾಯ ಎಲ್ಲಾನೂ ಒಂದೇ ಕಡೆಯಿಂದ ಬಿಚ್ಚಿ ಹಾಕಿದಾನೆ. ಬೀಗ ಹೆಬ್ಬೆರಳಿನ ಕಡೆ ವಾಲಿಕೊಂಡಿದೆ. ಇಂಥಾ ಗಡಿಯಾರಕ್ಕೆ ಇಂಥಾ ದರ್ಜಿ."

ಇನ್‌ಸ್ಪೆಕ್ಟರಮ್ಮನ ಬೆರಳುಗಳು ಬೀಗದ ಮೇಲೆ ಹಾಗೆಯೇ ನಿಂತುಬಿಟ್ಟವು.

ತಿಳಿಗೇಡಿತನವಲ್ಲ ಅದು. ಒಬ್ಬ ಮನುಷ್ಯನ ಅಳತೆ.

ತಮ್ಮನಿಗೆ ಬಾಲ್ಯದಲ್ಲಿ ಮುಂಗೈ ಮುರಿದು, ಕೂಡಿಕೊಳ್ಳುವಾಗ ಮೂಳೆ ಕಿರುಬೆರಳಿನ ಬದಿಗೆ ಉಬ್ಬಿಕೊಂಡು ಕೂಡಿತ್ತು. ಬೀಗ ನಡುವೆ ಕುಳಿತರೆ ಆ ಉಬ್ಬನ್ನು ಒತ್ತಿ ಸಂಜೆಯ ಹೊತ್ತಿಗೆ ಚರ್ಮ ಕೆಂಪೇರುತ್ತಿತ್ತು. ಅದಕ್ಕಾಗಿ ಅವನ ಪ್ರತಿಯೊಂದು ಗಡಿಯಾರದ ಕೊಂಡಿಗಳನ್ನೂ ಒಂದೇ ಬದಿಯಿಂದ ಬಿಚ್ಚಬೇಕು. ರಿಪೇರಿಯವರು ಪ್ರತಿ ಸಲವೂ ಬೇಡವೆಂದು ವಾದಿಸುವರು; ಅವನು ಪ್ರತಿ ಸಲವೂ ನಕ್ಕು, "ಕೈ ನಂದು ಸ್ವಾಮಿ, ವಕ್ರ ನಂದೇ ಇರಲಿ" ಎನ್ನುವನು.

ಅದೊಂದೇ ಆಗಿದ್ದರೆ ಅವಳು ಹೇಗಾದರೂ ಸಮಾಧಾನ ತಂದುಕೊಳ್ಳುತ್ತಿದ್ದಳೇನೋ. ಆದರೆ ಈ ಗಡಿಯಾರದ ಕಥೆ ಬೇರೆ.

ತಮ್ಮನೂ ಅವನ ಪಾಲುದಾರನೂ ಸೇರಿ ಲಿಫ್ಟು ಕೂಡಿಸುವ ಕಂಪನಿ ನಡೆಸುತ್ತಿದ್ದರು. ಎತ್ತರದ ಕಟ್ಟಡವೊಂದನ್ನು ಮುಗಿಸಿಕೊಟ್ಟಾಗ ಅದರ ಮಾಲೀಕ ಮೆಚ್ಚಿ ಉಡುಗೊರೆ ಕೊಟ್ಟ. ಇಬ್ಬರಿಗೂ ಸೇರಿ ಒಂದೇ ಗಡಿಯಾರ. ಲಿಫ್ಟು ಒಂದು ಮಹಡಿಯಿಂದ ಇನ್ನೊಂದಕ್ಕೆ ಏರುವ ವೇಳೆಯನ್ನು ಗುಂಡಿ ಒತ್ತಿ ಅಳೆಯಬಹುದೆಂದು ಇಬ್ಬರೂ ಮಕ್ಕಳಂತೆ ಕುಣಿದಾಡಿದ್ದರು. ಸರದಿಯ ಮೇಲೆ ಕಟ್ಟಿಕೊಳ್ಳುವುದೆಂದು ಒಪ್ಪಂದವಾಯಿತು. ಪಾಲುದಾರನದು ಹಲಗೆಯಂಥ ಮುಂಗೈ, ತಮ್ಮನದು ಕಡ್ಡಿ. ಸರದಿ ಬದಲಾದಾಗಲೆಲ್ಲ ಇಬ್ಬರೂ ಕಚೇರಿಯ ಮೇಜಿಗೆ ಕುಳಿತು, ಒಬ್ಬನಿಗೆ ಕೊಂಡಿ ಸೇರಿಸುವುದು, ಇನ್ನೊಬ್ಬನಿಗೆ ಬಿಚ್ಚುವುದು. ಕೊನೆಗೊಂದು ಸರದಿಯಲ್ಲಿ ಪಾಲುದಾರ ಗಡಿಯಾರವನ್ನು ಮರಳಿಸಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೆಲಸಗಾರರೆಲ್ಲ ಆ ಜಗಳವನ್ನು ಕೇಳಿದ್ದರು. ಅದಾದ ಮೇಲೆ ಒಂದು ಬೆಳಗ್ಗೆ ಪಾಲುದಾರ ಬಾಗಿಲಿಲ್ಲದ ಲಿಫ್ಟಿನ ಬಾವಿಯ ತಳದಲ್ಲಿ ಸತ್ತು ಬಿದ್ದಿದ್ದ. ಕೈ ಬರಿದಾಗಿತ್ತು.

ಸಾಯುವ ದಿನದವರೆಗೂ ಗಡಿಯಾರ ಪಾಲುದಾರನ ಕೈಯಲ್ಲೇ ಇತ್ತೆಂದು ಹತ್ತಾರು ಮಂದಿ ನುಡಿದಿದ್ದರು. ಹಾಗೆಂದರೆ ಪಟ್ಟಿ ಆಗ ಅವನ ಅಗಲದ ಕೈಯ ಅಳತೆಗಿತ್ತು. ಈಗ ಅದು ತಮ್ಮನ ಅಳತೆಗಿದೆ. ಬಿಚ್ಚಿದ್ದು ಸಾವಿನ ನಂತರ.

"ಅಕ್ಕ, ಅವನು ಕಿತ್ಕೊಂಡ ಮೇಲೆ ನಾನು ಅದನ್ನ ಮುಟ್ಟಿಲ್ಲ," ಎಂದು ಜೈಲಿನ ಸರಳುಗಳಾಚೆಯಿಂದ ತಮ್ಮ ಹೇಳಿದ್ದ. ಮುಟ್ಟದವನ ಅಳತೆಗೆ ಪಟ್ಟಿ ಹೇಗೆ ಕುಗ್ಗಿತು?

ಅವಳು ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಅವನನ್ನು ಬಿಡಿಸಲೆಂದು ಊರೆಲ್ಲ ಅಲೆದು ತಂದ ಸಾಕ್ಷ್ಯ ಅವನ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು.

"ನೀರು ಬೇಕಾ?" ಎಂದರು ಯಜಮಾನರು.

"ಬೇಡ. ಇದನ್ನ ನಿಮಗೆ ಮಾರಿದ್ದು ಯಾರು?"

ಪ್ರಶ್ನೆ ಬಾಯಿಂದ ಬಿದ್ದ ಬಗೆಯಲ್ಲೇ ಅವಳಿಗೆ ತನ್ನ ತಪ್ಪು ತಿಳಿಯಿತು. ಗೃಹಿಣಿಯ ದನಿಯಾಗಿರಲಿಲ್ಲ ಅದು. ಠಾಣೆಯ ದನಿ.

ಯಜಮಾನರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವಸರವಿಲ್ಲದೆ, ಊಟ ಮುಗಿಸಿದವರು ತಟ್ಟೆ ಸರಿಸುವಂತೆ.

"ನಿಮಗೆ ಯಜಮಾನರಿಲ್ಲ, ಅಲ್ವಾ?"

"ಯಾಕೆ ಹಾಗಂತೀರಿ?"

"ಗಂಡನಿಗೆ ಅಂತ ಬರೋರು ಮೊದಲು ಬೆಲೆ ಕೇಳ್ತಾರೆ, ಆಮೇಲೆ ಬೆಚ್ಚಿಬೀಳ್ತಾರೆ, ಆಮೇಲೆ ಬೇರೆ ತೋರಿಸಿ ಅಂತಾರೆ. ನೀವು ಬೆಲೇನೇ ಕೇಳಿಲ್ಲ. ನಂಬರ್ ಓದಿದ್ರಿ. ಓದುವಾಗ ತುಟಿ ಅಲ್ಲಾಡ್ಲಿಲ್ಲ. ಮೊದಲೇ ಗೊತ್ತಿರೋದನ್ನ ಓದೋರ ಹಾಗೆ." ಅವರ ಬಳೆಗಟ್ಟಿದ ಕಣ್ಣು ಅವಳ ಮೇಲೇ ನೆಟ್ಟಿತ್ತು. "ಪೊಲೀಸಾ?"

"ಆಗಿದ್ದೆ. ಈಗಿಲ್ಲ."

"ಈಗಿಲ್ಲ ಅಂದ್ರೆ ಈಗ ಕೇಳೋ ಹಕ್ಕೂ ಇಲ್ಲ."

"ಕದ್ದ ಮಾಲು ಇಟ್ಕೊಂಡಿದೀರಿ ಅಂತ ಒಂದು ಫೋನ್ ಮಾಡೋ ಹಕ್ಕು ಯಾರಿಗೆ ಬೇಕಾದ್ರೂ ಇದೆ."

"ಮಾಡಿ. ಫೋನ್ ಇಲ್ಲೇ ಇದೆ." ಯಜಮಾನರು ತಮ್ಮ ಫೋನನ್ನೇ ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು. "ಮಾರಿದವರ ಗುರುತಿನ ಚೀಟಿ ನೋಡಿದೀನಿ, ಸಹಿ ಹಾಕಿಸ್ಕೊಂಡಿದೀನಿ. ಪೊಲೀಸ್ ಬರಲಿ, ಕಾಗದ ತೋರಿಸಲಿ, ಹೆಸರು ಕೊಡ್ತೀನಿ. ನೀವು ಕೇಳಿದ್ರೆ ಕೊಡಲ್ಲ. ಡಾಕ್ಟ್ರ ಹತ್ರ ರೋಗಿ ಬರೋ ಹಾಗೆ ನನ್ನ ಹತ್ರ ಬರ್ತಾರೆ ಜನ. ಯಾರೂ ಖುಷಿಗೆ ಗಡಿಯಾರ ಮಾರಲ್ಲ ತಾಯಿ. ಅವರ ಮುಖ ನಾನು ಮರೀಬೇಕು. ಅದೇ ನನ್ನ ವ್ಯಾಪಾರ."

ಫೋನು ಅವಳ ಕೈಯಳತೆಯಲ್ಲೇ ಇತ್ತು. ಶಿಷ್ಯನ ಸಂಖ್ಯೆಯೂ ಅವಳಿಗೆ ಬಾಯಿಪಾಠ. ಕರೆದರೆ ಬರುತ್ತಾನೆ, ಬಂದು ಪಟ್ಟಿಯನ್ನು ನೋಡುತ್ತಾನೆ. ಮುಂಗೈ ಅಳತೆಯಿಂದ ಮನುಷ್ಯನನ್ನು ಗುರುತಿಸಬಹುದೆಂದು ಅವನಿಗೆ ಕಲಿಸಿದವಳೇ ಅವಳು.

ಅವಳು ಫೋನನ್ನು ಮುಟ್ಟಲಿಲ್ಲ. ಮುಟ್ಟದಿದ್ದುದನ್ನು ಯಜಮಾನರು ಗಮನಿಸಿದರು.

"ನೋಡಿ," ಎಂದು ಅವರು ದನಿ ಇಳಿಸಿದರು, "ಫೋನ್ ಮಾಡೋಕೆ ನಿಮಗೇ ಇಷ್ಟವಿಲ್ಲ. ನಿಮ್ಮ ಕಷ್ಟ ಏನೋ ನನಗೆ ಬೇಡ. ಎದ್ದು ಹೋಗಿ, ನಾನೂ ಮರೀತೀನಿ."

ಎದ್ದು ಹೋಗುವುದೇ? ನಾಳೆ ಇನ್ನೊಬ್ಬರು ಬಂದು ಇದನ್ನು ಕೊಂಡು ಕೈಗೆ ಕಟ್ಟಿಕೊಂಡು ಹೊರಟುಹೋಗುತ್ತಾರೆ. ಯಜಮಾನರು ಕೊಂಡಿಗಳನ್ನು ಎರಡೂ ಬದಿಗೆ ಸಮ ಮಾಡಿ ಜೋಡಿಸಿರುತ್ತಾರೆ. ತಮ್ಮನ ಮುಂಗೈಯ ಗುರುತು ಅಷ್ಟಕ್ಕೆ ಅಳಿಸಿಹೋಗುತ್ತದೆ. ಅದರೊಡನೆ ಮಾರಿದವರ ಜಾಡೂ ಅಳಿಸಿಹೋಗುತ್ತದೆ. ತಮ್ಮ ಕೊಂದನೋ ಇಲ್ಲವೋ ಎಂಬುದು ಅವಳ ಪಾಲಿಗೆ ಸಾಯುವತನಕ ಮುಳ್ಳಾಗಿ ಉಳಿಯುತ್ತದೆ. ಅದನ್ನು ಎದೆಯಲ್ಲಿಟ್ಟುಕೊಂಡು ವಾರವಾರವೂ ಜೈಲಿನ ಸರಳಿನ ಮುಂದೆ ನಿಂತು ಅವನ ಮುಖ ನೋಡುವುದು ಅವಳಿಂದಾಗದ ಕೆಲಸ.

ಅವಳು ಮೆಲ್ಲನೆ ಉಸಿರೆಳೆದುಕೊಂಡಳು. ಪೊಲೀಸಾಗಿ ಮುಚ್ಚಿದ ಬಾಗಿಲನ್ನು ಗಿರಾಕಿಯಾಗಿ ತಟ್ಟಬಹುದು.

"ಹೆಸರು ಬೇಡ ಬಿಡಿ," ಎಂದಳು. "ಗಡಿಯಾರ ತಗೋತೀನಿ."

ಯಜಮಾನರ ಹುಬ್ಬು ಮೇಲೇರಿತು.

"ನಿಜವಾಗಿ?"

"ನೀವು ಹೇಳೋ ಬೆಲೆಗೆ. ಚೌಕಾಸಿ ಇಲ್ಲ. ಆದ್ರೆ ಪೂರ್ತಿ ಗಡಿಯಾರ ಬೇಕು. ದಪ್ಪ ಕೈಗೆ ಆಗಬೇಕು. ಬಿಚ್ಚಿದ ಕೊಂಡಿಗಳೆಲ್ಲಾ ಇವೆಯಾ?"

"ಇವೆ. ಚೀಲದಲ್ಲಿ ಹಾಕಿ ಕೊಟ್ಟಿದಾರೆ." ಮೇಜಿನ ಖಾನೆಯಿಂದ ಅವರು ಪುಟ್ಟ ಬಟ್ಟೆಯ ಚೀಲವೊಂದನ್ನು ತೆಗೆದು ಕೊಂಡಿಗಳನ್ನು ಮಖಮಲ್ಲಿನ ಮೇಲೆ ಸುರಿದರು. ಚಿಮಟದಿಂದ ಒಂದೊಂದನ್ನೇ ಸಾಲಾಗಿ ಜೋಡಿಸಿದರು. ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿದರು. ಮತ್ತೆ ಹೋಲಿಸಿದರು. ಅವರ ಮುಖ ಸಣ್ಣದಾಯಿತು.

"ಒಂದು ಕಮ್ಮಿ ಇದೆ," ಎಂದರು.

"ಕಮ್ಮಿ ಇದ್ರೆ ನನಗೆ ಬೇಡ."

"ಒಂದು ಕೊಂಡಿ ಅಲ್ವಾ ತಾಯಿ..."

"ಆಗಲೇ ತಿಳಿಗೇಡಿ, ದರ್ಜಿ ಅಂತ ಬೈದ್ರಿ. ನೀವು ಮಾತ್ರ ಅರ್ಧ ಪಟ್ಟಿ ಮಾರ್ತೀರಾ?"

ಆ ಮಾತು ತಾಗಬೇಕಾದಲ್ಲಿ ತಾಗಿತು. ಗುಟ್ಟನ್ನು ಕಾಯುವ ವಿಷಯದಲ್ಲಿ ಬಂಡೆಯಂತಿದ್ದ ಮನುಷ್ಯ, ಅಂಗಡಿಯಿಂದ ಅಪೂರ್ಣ ಗಡಿಯಾರ ಹೊರಬೀಳುವುದೆಂಬ ಯೋಚನೆಗೇ ಮೆತ್ತಗಾದರು. ಫೋನನ್ನು ಎತ್ತಿಕೊಂಡರು. ಸಂಖ್ಯೆ ಕಾಣದಂತೆ ಅಂಗೈ ಅಡ್ಡ ಹಿಡಿದು ಒತ್ತಿದರು. ಕೊಂಡಿಗಳನ್ನು ಇನ್ನೊಮ್ಮೆ ಪರೀಕ್ಷಿಸಲು ಎರಡೂ ಕೈ ಬೇಕಾದವು. ಫೋನನ್ನು ಮೇಜಿನ ಮೇಲಿಟ್ಟು ದನಿಯನ್ನು ಹೊರಕ್ಕೆ ಬಿಟ್ಟರು.

"ಸುಮ್ನಿರಬೇಕು ನೀವು," ಎಂದು ಅವಳಿಗೆ ಬೆರಳು ತೋರಿದರು.

ಫೋನು ರಿಂಗಾಯಿತು. ಅತ್ತ ಕಡೆಯಿಂದ ಯಾರೋ ಎತ್ತಿಕೊಂಡರು.

"ಹಲೋ, ಯಾರದು?"

ಇನ್‌ಸ್ಪೆಕ್ಟರಮ್ಮನಿಗೆ ಆ ಎರಡು ಮಾತು ಸಾಕಾದವು. ಹುಟ್ಟಿದಂದಿನಿಂದ ಕೇಳಿದ ದನಿ ಅದು. ಬೆಳಗ್ಗೆ ಹೊರಡುವಾಗ, "ಕೊಡೆ ತಗೊಂಡು ಹೋಗೇ, ಮೋಡ ಆಗಿದೆ" ಎಂದು ಬಾಗಿಲಲ್ಲಿ ನಿಂತು ಹೇಳಿದ ದನಿ.

ಅವಳ ತಾಯಿ.

"ಗಡಿಯಾರದ ಅಂಗಡಿಯಿಂದಮ್ಮ. ನೀವು ಕೊಟ್ಟ ಗಡಿಯಾರಕ್ಕೆ ಗಿರಾಕಿ ಬಂದಿದಾರೆ. ಬಿಡಿ ಕೊಂಡಿ ಒಂದು ಕಮ್ಮಿ ಬಿದ್ದಿದೆ. ಮನೇಲಿ ಎಲ್ಲಾದ್ರೂ ಉಳಿದಿದೆಯಾ?"

"ಉಳಿದಿದೆ, ಉಳಿದಿದೆ. ಆಮೇಲೆ ಸಿಕ್ತು. ಉಗುರಿನಷ್ಟಿದೆ ನೋಡಿ, ಕಣ್ಣಿಗೇ ಬಿದ್ದಿರಲಿಲ್ಲ. ತೆಗೆದಿಟ್ಟಿದೀನಿ."

ತಾಯಿ ದೊಡ್ಡ ದನಿಯಲ್ಲಿ ಮಾತನಾಡುತ್ತಿದ್ದಳು. ಅದು ಮಗಳಿಗೆ ವಿಚಿತ್ರವಾಗಿ ಕೇಳಿಸಿತು. ಫೋನೆಂದರೆ ಗೋಡೆಗೆ ಕಿವಿಯಿದೆಯೆಂಬಂತೆ ಬಾಯಿಗೆ ಕೈ ಅಡ್ಡವಿಟ್ಟು ಪಿಸುಗುಡುವ ಹೆಂಗಸು ಅವಳು. ಇಂದು ಪಕ್ಕದ ಕೋಣೆಗೂ ಕೇಳಲೆಂಬಂತೆ ಒಂದೊಂದು ಮಾತನ್ನೂ ಬಿಡಿಸಿ ಆಡುತ್ತಿದ್ದಳು.

"ಅದೇ ಗಡಿಯಾರದ್ದು ತಾನೇ? ಬೇರೆ ಯಾವುದರದ್ದಾದ್ರೂ ಆದ್ರೆ ಕೂರಲ್ಲ," ಎಂದು ಯಜಮಾನರು ವ್ಯಾಪಾರದ ಎಚ್ಚರಿಕೆಯಿಂದ ಕೇಳಿದರು. "ನಿಮ್ಮ ಯಜಮಾನರಿಗೆ ಬೇರೆ ಗಡಿಯಾರಗಳೂ ಇದ್ವು ಅಂದಿದ್ರಿ."

"ಅದೇ ಕಣಪ್ಪ. ಎರಡೂ ಒಂದೇ ಕಡೆ ಸಿಕ್ಕಿದ್ದು. ನನ್ನ ಮಗಳ ಬೀರುವಿನಲ್ಲಿ ಅವಳ ಹಳೇ ಯೂನಿಫಾರ್ಮ್ ಇದೆ ನೋಡಿ, ಅದರ ಒಳಜೇಬಿನಲ್ಲಿ. ಗಡಿಯಾರಾನೂ ಅಲ್ಲೇ ಇತ್ತು, ಇದೂ ಅಲ್ಲೇ ಮೂಲೇಲಿ ಸಿಕ್ಕಿಕೊಂಡಿತ್ತು."

ಯಜಮಾನರ ಚಿಮಟ ಗಾಳಿಯಲ್ಲೇ ನಿಂತಿತು. ಅವರು ತಲೆಯೆತ್ತಿ ಎದುರಿಗೆ ಕುಳಿತವಳನ್ನು ನೋಡಿದರು. ಗಂಡನದೆಂದು ಹೇಳಿ ಮಾರಿದ ಗಡಿಯಾರ ಮಗಳ ಯೂನಿಫಾರ್ಮಿನಿಂದ ಬಂತೆಂದರೆ, ಅದನ್ನು ಕೊಂಡವರ ಗತಿಯೇನೆಂದು ಅವರು ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ತಿಳಿಯುತ್ತಿತ್ತು.

"ಮಗಳು ಏನು ಕೆಲಸದಲ್ಲಿದಾರಮ್ಮ?" ಎಂದರು ಎಚ್ಚರಿಕೆಯಿಂದ.

"ಪೊಲೀಸಲ್ಲಿದ್ಲು. ಬಿಟ್ಟಳು. ಇರಲಿ, ಕೊಂಡಿ ಬೇಕಾ? ತಂದುಕೊಡ್ತೀನಿ. ನಡೀತಿರೋ ಗಡಿಯಾರ, ಬಿಸಾಕೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಮಾರಿದೆ. ಪೂರ್ತಿಯಾಗೇ ಹೋಗಲಿ. ಇಲ್ಲಿ ಒಬ್ಬರು ಬಂದಿದಾರೆ, ಅವರ ಕಾರಲ್ಲೇ ಈಗಲೇ ಬಂದುಬಿಡ್ತೀನಿ. ಗಿರಾಕೀನ ಕೂರಿಸಿಕೊಂಡಿರಿ, ಕಳಿಸಬೇಡಿ."

ಫೋನು ಸುಮ್ಮನಾಯಿತು.

ಇನ್‌ಸ್ಪೆಕ್ಟರಮ್ಮ ತನಗೆ ತಿಳಿಯದಂತೆಯೇ ಚೀಲದೊಳಗೆ ಕೈಹಾಕಿದಳು. ಬೀರುವಿನ ಕೀಲಿ ಅಲ್ಲೇ ಇತ್ತು. ತಣ್ಣಗೆ ಬೆರಳಿಗೆ ತಾಗಿತು. ಆ ಬೀರುವನ್ನು ತಾನಲ್ಲದೆ ಇನ್ನೊಬ್ಬರು ತೆರೆಯುವರೆಂಬುದನ್ನು ಅವಳು ಈವರೆಗೆ ಯೋಚಿಸಿರಲೂ ಇಲ್ಲ. ಯೂನಿಫಾರ್ಮನ್ನು ರಾಜೀನಾಮೆಯ ದಿನ ಮಡಿಸಿ ಒಳಗಿಟ್ಟವಳು ಮತ್ತೆ ಅದರತ್ತ ಕಣ್ಣೆತ್ತಿರಲಿಲ್ಲ. ನೋಡಿದರೆ ಸಂಕಟವಾಗುತ್ತಿತ್ತು.

ಯಾರು ಇಟ್ಟರು? ಬಂಧನಕ್ಕೆ ಮೊದಲು ತಮ್ಮ ಬಂದು ಅದೇ ಕೋಣೆಯಲ್ಲಿ ಉಳಿದಿದ್ದುದುಂಟು. ಅಕ್ಕನ ಬೀರುವನ್ನು ಯಾವ ಪೊಲೀಸನೂ ಶೋಧಿಸುವುದಿಲ್ಲವೆಂದು ಅವನಿಗೆ ಹೊಳೆದಿದ್ದರೆ? ಅಥವಾ ತಮ್ಮನ ಮುಂಗೈಯನ್ನು ಬಲ್ಲ ಇನ್ನಾರೋ, ಅವನ ಅಳತೆಗೆ ಪಟ್ಟಿ ಕುಗ್ಗಿಸಿ, ಅಕ್ಕನ ಜೇಬಿಗೆ ತುರುಕಿ, ಒಂದೇ ಏಟಿಗೆ ಇಬ್ಬರನ್ನೂ ಮುಳುಗಿಸಹೊರಟಿದ್ದರೆ? ಪಾಪ, ತಾಯಿ ಅದನ್ನು ಕಂಡಿದ್ದಾಳೆ. ಮಗಳು ತಮ್ಮನಿಗಾಗಿ ಬಚ್ಚಿಟ್ಟಿದ್ದಾಳೆಂದು ತಿಳಿದಿದ್ದಾಳೆ. ಇಬ್ಬರು ಮಕ್ಕಳನ್ನೂ ಉಳಿಸಲೆಂದು ಬಾಯಿ ಹೊಲಿದುಕೊಂಡು ಒಯ್ದು ಮಾರಿದ್ದಾಳೆ. ಸಂಜೆಸಂಜೆಯೂ ಮಗಳು ಒಪ್ಪಿಸುತ್ತಿದ್ದ ಅಂಗಡಿಗಳ ವರದಿಯನ್ನು ಅವಳು ಎಂಥ ಮನಸ್ಸಿನಿಂದ ಕೇಳಿಸಿಕೊಂಡಿರಬೇಕು.

"ಅವರು ನಿಮ್ಮ ತಾಯಿ," ಎಂದರು ಯಜಮಾನರು. ಅದು ಪ್ರಶ್ನೆಯಾಗಿರಲಿಲ್ಲ. "ದನಿ ಒಂದೇ ಥರ ಇದೆ."

ಅವಳು ತಲೆಯಾಡಿಸಿದಳು.

"ಈಗ ಹೇಳಿ. ಇದು ಯಾರದ್ದು?"

"ಸತ್ತವನದ್ದು."

ಯಜಮಾನರು ಚಿಮಟ ಕೆಳಗಿಟ್ಟರು. ಕೊಂಡಿಗಳನ್ನು ಒಂದೊಂದಾಗಿ ಬಟ್ಟೆಯ ಚೀಲಕ್ಕೆ ಮರಳಿ ಹಾಕಿದರು. ಬಳಿಕ, ಯಾರಿಗೋ ಅಲ್ಲ, ಗಡಿಯಾರಕ್ಕೇ ಹೇಳುವಂತೆ, "ನನಗೂ ಮಕ್ಕಳಿದಾರೆ," ಎಂದರು. "ದುಡ್ಡು ಕೊಡಿ, ತಗೊಂಡು ಹೋಗಿ. ಬಿಲ್ಲು ಬೇಡ. ಆ ತಾಯಿ ಬರೋದರೊಳಗೆ ನೀವಿಲ್ಲಿಂದ ಹೊರಡಿ. ನದಿಗೆ ಹಾಕ್ತೀರೋ, ನೆಲದಲ್ಲಿ ಹೂಳ್ತೀರೋ. ನನ್ನ ಅಂಗಡಿಗೆ ಇದು ಬಂದೇ ಇಲ್ಲ."

ಅಷ್ಟು ಸುಲಭವಾಗಿತ್ತು ಅದು. ಕೈಚಾಚಿದರೆ ಸಾಕು. ತಮ್ಮನ ಅಳತೆಯೂ ಇಲ್ಲ, ತಾಯಿಯ ಸಹಿಯೂ ಇಲ್ಲ, ಯೂನಿಫಾರ್ಮಿನ ಜೇಬೂ ಇಲ್ಲ. ಶಿಷ್ಯ ಬರೆದ ಸುಳ್ಳು ನಿಜವಾಗುತ್ತದೆ. ನದಿಗೆ ಅದರ ಪಾಲು ಸಲ್ಲುತ್ತದೆ. ಅವಳು ಗಡಿಯಾರವನ್ನು ಅಂಗೈಯಲ್ಲಿ ಎತ್ತಿಕೊಂಡಳು. ಭಾರವಾಗಿತ್ತು. ಒಳಗಿನ ಮಿಡಿತ ಚರ್ಮದ ಮೂಲಕ ತಿಳಿಯುತ್ತಿತ್ತು.

ನದಿಗೆ ಎಸೆದರೆ, ತಮ್ಮ ಕೊಂದಿಲ್ಲವಾದರೆ?

ಅವನು ಕೊಲ್ಲದವನಾದರೆ, ಹಾಗೆಂದು ಸಾರಬಲ್ಲ ವಸ್ತು ಲೋಕದಲ್ಲಿ ಇದೊಂದೇ. ಯಾರ ಬೆರಳು ಈ ಕೊಂಡಿಗಳನ್ನು ಬಿಚ್ಚಿತೆಂಬುದನ್ನು ಇದನ್ನು ಬಿಟ್ಟು ಇನ್ನಾವುದೂ ಹೇಳಲಾರದು. ಅವನೇ ಕೊಂದವನಾದರೆ... ಆ ಮಾತನ್ನು ಅವಳು ಮುಗಿಸಲಿಲ್ಲ. ಮುಗಿಸದೆಯೇ ತೀರ್ಮಾನಕ್ಕೆ ಬಂದಳು.

"ಬಿಲ್ಲು ಬರೀರಿ," ಎಂದಳು. "ಗಡಿಯಾರದ ನಂಬರ್ ಸಮೇತ. ಪಟ್ಟಿ ಹೇಗಿದೆಯೋ ಹಾಗೇ ಇರಲಿ, ಒಂದು ಕೊಂಡೀನೂ ಅಲ್ಲಾಡಬಾರದು. ನಾನು ನೇರವಾಗಿ ವಕೀಲರ ಮನೆಗೆ ಹೋಗಿ, ಅವರ ಜೊತೆ ನ್ಯಾಯಾಧೀಶರ ಮುಂದೆ ಇಡ್ತೀನಿ."

"ಯೋಚನೆ ಮಾಡಿ ತಾಯಿ. ಕಾಗದದ ಮೇಲೆ ಬಂದ್ರೆ ಆಮೇಲೆ ಅಳಿಸೋಕಾಗಲ್ಲ."

"ಅದಕ್ಕೇ ಬರೀರಿ ಅಂದಿದ್ದು. ಬಚ್ಚಿಟ್ಟಳು ಅಂತ ನಾಳೆ ಯಾರೂ ಅನ್ನಬಾರದು."

ಯಜಮಾನರು ನಿಟ್ಟುಸಿರು ಬಿಟ್ಟು ಬರೆಯತೊಡಗಿದರು. ಹೆಸರನ್ನೂ ಮನೆಯ ವಿಳಾಸವನ್ನೂ ಅವಳೇ ಹೇಳಿದಳು. ವಿಳಾಸ ಬರೆಯುವಾಗ ಅವರ ಲೇಖನಿ ಒಂದು ಕ್ಷಣ ತಡೆಯಿತು. ಮಾರಿದವರಿಂದ ಅದೇ ವಿಳಾಸವನ್ನು ಅವರು ಈ ಮೊದಲೇ ಬರೆದುಕೊಂಡಿದ್ದರು. ಹಣ ಸಂದಾಯವಾಯಿತು. ಅವಳು ಬಿಲ್ಲಿನ ಕೆಳಗೆ ಸಹಿ ಹಾಕಿದಳು. ಎಷ್ಟೋ ಆರೋಪಪಟ್ಟಿಗಳ ಕೆಳಗೆ ಹಾಕಿದ ಅದೇ ಉದ್ದನೆಯ ಸಹಿ. ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡಳು.

ಅಷ್ಟು ಹೊತ್ತಿಗೆ ಗಾಜಿನ ಬಾಗಿಲಾಚೆ ಕಾರೊಂದು ನಿಂತಿತು.

ಮುಂದಿನ ಬಾಗಿಲಿನಿಂದ ಇಳಿದವನನ್ನು ಕಂಡು ಇನ್‌ಸ್ಪೆಕ್ಟರಮ್ಮನ ಕೈ ಚೀಲವನ್ನು ಬಿಗಿಯಾಗಿ ಹಿಡಿಯಿತು. ಅವಳ ಶಿಷ್ಯ. ಅವನು ಹಿಂದಿನ ಬಾಗಿಲನ್ನು ತೆರೆದು, ಬಾಗಿ, ತಾಯಿಯ ಮೊಣಕೈ ಹಿಡಿದು ಇಳಿಸಿಕೊಂಡ. ಮೆಟ್ಟಿಲಲ್ಲಿ ಜೋಪಾನ ಮಾಡಿದ. ಮನೆಗೆ ಬಂದಿದ್ದವನು ಇವನೇ, ಅಪಾಯ ತಿಳಿಯದೆ ತಾಯಿ ಇವನ ಕಾರನ್ನೇ ಹತ್ತಿದಳಲ್ಲಾ ಎಂದುಕೊಂಡು ಅವಳು ಎದ್ದು ನಿಂತಳು. ತಾಯಿ ಒಂದು ಮಾತಾಡುವ ಮೊದಲೇ ತಡೆಯಬೇಕು. ಕೊಂಡಿಯನ್ನು ಅವಳು ಹೊರತೆಗೆಯದಂತೆ ಕಣ್ಣಿನಲ್ಲಾದರೂ ಹೇಳಬೇಕು.

ಬಾಗಿಲು ತೆರೆಯಿತು. ಅವಳು ತಾಯಿಯ ಕಣ್ಣನ್ನು ಹುಡುಕಿದಳು.

ತಾಯಿ ಅವಳತ್ತ ನೋಡಲಿಲ್ಲ. ಮಗಳು ಇಲ್ಲಿರುವುದಕ್ಕೆ ಬೆಚ್ಚಲೂ ಇಲ್ಲ. ನಿಧಾನವಾಗಿ ಮೇಜಿನ ಬಳಿಗೆ ನಡೆದು ಬಂದು, ಮುಷ್ಟಿ ಬಿಚ್ಚಿ, ಉಗುರಿನಷ್ಟು ಉಕ್ಕಿನ ತುಂಡನ್ನು ಮಖಮಲ್ಲಿನ ಮೇಲಿಟ್ಟಳು. ಪಕ್ಕದಲ್ಲಿ ಬಿಲ್ಲು ಬಿದ್ದಿತ್ತು. ಕನ್ನಡಕ ಏರಿಸಿ ಅದರ ಕೆಳಗಿನ ಸಹಿಯನ್ನು ಓದಿದಳು. ಓದಿ ಮುಗಿಸಿದ ಮೇಲೂ ಮಗಳ ಮುಖವನ್ನು ನೋಡದೆ, ಬಾಗಿಲಲ್ಲಿ ನಿಂತವನ ಕಡೆ ತಿರುಗಿದಳು.

"ಬಂದೇ ಬರ್ತಾಳೆ, ಕೊಂಡ್ಕೊಂಡು ಮುಚ್ಚಿಹಾಕ್ತಾಳೆ ಅಂದಿದ್ದೆ. ನೀನು ನಂಬಲಿಲ್ಲ," ಎಂದಳು. ದನಿ ಒಣಗಿತ್ತು. "ನೋಡು, ಅವಳ ಕೈಬರಹ. ನಿನ್ನ ಮಾತು ನೀನು ನಡೆಸು. ಇವಳನ್ನ ತಗೊಂಡು ನನ್ನ ಮಗನ್ನ ಬಿಟ್ಟುಬಿಡು."